ದಯಾಮರಣ: ಸುದ್ದಿಗೆ ಸಿಕ್ಕಿದ್ದು, ಸಿಗದೇ ಹೋದದ್ದು

ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆಯೊಂದನ್ನು ಹೊರಡಿಸಿದಾಗ, ರಾಜ್ಯದಲ್ಲಿ ದಯಾಮರಣಕ್ಕೆ ಅನುಮತಿ ಸಿಕ್ಕಿತು ಎಂಬ ಧಾಟಿಯ ಸುದ್ದಿಗಳು ಹರಿದಾಡಿದವು. ಸುತ್ತೋಲೆಯನ್ನೂ ದಯಾಮರಣವನ್ನೂ ಬೆರೆಸಬೇಡಿ ಎಂದು ಸಚಿವ ದಿನೇಶ್ ಗುಂಡೂರಾವ್ ಅವರೇ ಹೇಳಬೇಕಾಯಿತು. ಚೇತರಿಸಿಕೊಳ್ಳುವ ಆಸೆಯಿಲ್ಲದ ರೋಗಿಗೆ ಅಳವಡಿಸಿದ ಜೀವರಕ್ಷಕ ಸಾಧನಗಳನ್ನು ತೆಗೆಯುವ ಕುರಿತು ಸುಪ್ರೀಂ ಕೋರ್ಟ್ ನೀಡಿದ್ದ ನಿರ್ದೇಶನಗಳ ಜಾರಿಯಷ್ಟೇ ಆ ಸುತ್ತೋಲೆಯ ಉದ್ದೇಶವಾಗಿತ್ತು.

ಸಾಯುವ ಹಕ್ಕಿನ ಪ್ರಶ್ನೆ ನ್ಯಾಯಾಲಯದ ಮುಂದೆ ಮೊದಲೇ ಬಂದಿತ್ತು: ಆತ್ಮಹತ್ಯೆ ಯತ್ನವನ್ನು ಅಪರಾಧವೆನ್ನುವ ಕಲಮನ್ನು 1994ರಲ್ಲಿ ರದ್ದುಪಡಿಸಿದ್ದ ಸುಪ್ರೀಂ ಕೋರ್ಟ್ 1996ರಲ್ಲಿ ಅದೇ ಕಲಮನ್ನು ಎತ್ತಿಹಿಡಿಯಿತು. ಆದರೆ ಈ ಚರ್ಚೆ ಮನೆಮಾತಾದದ್ದು ಅರುಣಾ ಶಾನಭಾಗ ಪ್ರಕರಣದಿಂದ. ಹೊನ್ನಾವರ ತಾಲೂಕಿನ ಹಳದೀಪುರದಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅವರು, 1973ರ ನವೆಂಬರ್‌ನಲ್ಲಿ ನಡೆದ ದಾಳಿಯ ನಂತರ ಮತ್ತೆ ಏಳಲಿಲ್ಲ. ಅವರಿಗೆ ಆಹಾರ ನೀಡುವುದನ್ನು ನಿಲ್ಲಿಸಬೇಕೆಂದು ಲೇಖಕಿ ಪಿಂಕಿ ವಿರಾನಿ ಅರ್ಜಿ ಸಲ್ಲಿಸಿದರು. ಅರುಣಾ ಅವರ ಸ್ಥಿತಿಯನ್ನು ವೈದ್ಯರ ತಂಡ ಚಿತ್ರೀಕರಿಸಿದ್ದ ಸಿಡಿಯನ್ನು 2011ರ ಮಾರ್ಚ್ 2ರಂದು, ಹಾಜರಿದ್ದವರೆಲ್ಲ ನೋಡಲೆಂದು, ನ್ಯಾಯಾಲಯದ ಸಭಾಂಗಣದಲ್ಲೇ ಪ್ರದರ್ಶಿಸಲಾಯಿತು. ಮೀನು ಮತ್ತು ಕೋಳಿಯ ಸೂಪನ್ನು ಅವರು ಇಷ್ಟಪಡುತ್ತಾರೆಂಬುದೂ, ಅಷ್ಟು ವರ್ಷ ಮಲಗಿದ್ದರೂ ಮೈಮೇಲೆ ಒಂದೂ ಹಾಸಿಗೆ ಹುಣ್ಣಿಲ್ಲವೆಂಬುದೂ ನ್ಯಾಯಾಲಯದ ದಾಖಲೆಯಲ್ಲಿದೆ. ಮಾರ್ಚ್ 7ರ ತೀರ್ಪು ಕೃತಕ ಜೀವಾಧಾರ ಹಿಂಪಡೆಯುವುದಕ್ಕೆ ತಾತ್ವಿಕವಾಗಿ ಬಾಗಿಲು ತೆರೆದರೂ ಈ ಅರ್ಜಿಯನ್ನು ವಜಾ ಮಾಡಿತು. ಅವರನ್ನು ನೋಡಿಕೊಳ್ಳುತ್ತಿದ್ದ ದಾದಿಯರಿಗೆ ಬೇಕಿದ್ದದ್ದೂ ಅದೇ. ಶೀರ್ಷಿಕೆಗಳಿಗೆ ತೀರ್ಪಿನ ಮೊದಲರ್ಧ ಹಿಡಿಸಿತು. ದಿನಕ್ಕೆ ಹಲವು ಬಾರಿ ಮಗ್ಗುಲು ಬದಲಿಸುವ, ತುತ್ತು ನುಣ್ಣಗೆ ಮಾಡಿ ಉಣಿಸುವ ಕೆಲಸ ಯಾರ ಪಾಲಿಗೆ, ಎಷ್ಟು ಕಾಲ ಎಂಬ ಪ್ರಶ್ನೆಗೆ ಟಿವಿ ಚರ್ಚೆಗಳಲ್ಲಿ ಜಾಗ ಕಡಿಮೆಯೇ ಇತ್ತು. 2015ರ ಮೇ 18ರಂದು ಅವರು ನ್ಯುಮೋನಿಯಾದಿಂದ ತೀರಿಕೊಂಡಾಗ ಅದೇ ವಾದಗಳು ಮತ್ತೆ ಕೇಳಿಬಂದವು.

ಸಂವಿಧಾನ ಪೀಠ 2018ರ ಮಾರ್ಚ್ 9ರಂದು, ಮುಂದೆ ತನಗೆ ಎಂಥ ಚಿಕಿತ್ಸೆ ಬೇಡವೆಂದು ವ್ಯಕ್ತಿಯೊಬ್ಬರು ಮೊದಲೇ ಬರೆದಿಡುವುದಕ್ಕೆ ಮಾನ್ಯತೆ ನೀಡಿತು. ಆದರೆ ಮ್ಯಾಜಿಸ್ಟ್ರೇಟರ ಸಹಿ ಬೇಕೆಂಬ ಷರತ್ತಿನಿಂದ ಆ ಹಕ್ಕು ಬಹುಪಾಲು ಕಾಗದದ ಮೇಲೇ ಉಳಿಯಿತು. 2023ರ ಜನವರಿಯಲ್ಲಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕೆಂದು ನಿಯಮ ಸಡಿಲಗೊಂಡಿತು. ಐಸಿಯು ಬಾಗಿಲಲ್ಲಿ ಕಾಯುವ ಮನೆಯವರಿಗೆ ನಿಜಕ್ಕೂ ಉಪಯೋಗಕ್ಕೆ ಬರುವ ಈ ಬದಲಾವಣೆ 2011ರ ತೀರ್ಪಿನಷ್ಟು ಸದ್ದು ಮಾಡಲಿಲ್ಲ. ಜೀವರಕ್ಷಕ ಸಾಧನ ತೆಗೆಯಬಹುದೇ ಎಂದು ಪರಿಶೀಲಿಸಲು ರಾಜ್ಯದ ಸುತ್ತೋಲೆ ಹೇಳುವ ಎರಡು ಹಂತದ ವೈದ್ಯ ಮಂಡಳಿಗಳು ಯಾವ ಆಸ್ಪತ್ರೆಗಳಲ್ಲಿ ರಚನೆಯಾಗಿವೆ, ಜಿಲ್ಲಾ ಆರೋಗ್ಯಾಧಿಕಾರಿ ಅವಕ್ಕೆ ಯಾರನ್ನು ನಾಮನಿರ್ದೇಶನ ಮಾಡಿದ್ದಾರೆ ಎಂದು ಊರೂರಿಗೆ ಹೋಗಿ ವಿಚಾರಿಸುವ ವರದಿಗಾರಿಕೆಯೂ ಮೊದಲ ದಿನದ ಶೀರ್ಷಿಕೆಗಳ ಉತ್ಸಾಹಕ್ಕೆ ಸಮನಾಗಿ ಬೆಳೆದಿಲ್ಲ.