ಟೀಪಾಟ್ ಕುಕೀಯ ಮೂತಿ ಮತ್ತು ಒಂದಿಷ್ಟು ನೀರು

ಟೀ ಪಾರ್ಟಿಗೆಂದು ಟೀಪಾಟ್, ಕಪ್-ಸಾಸರ್, ಗುಲಾಬಿ ಆಕಾರದ ಕುಕೀ ಮಾಡುವವರಿಗೆ ನಿಜವಾದ ಪರೀಕ್ಷೆ ಅಂದರೆ ಟೀಪಾಟಿನ ಮೂತಿ. ಕಟರ್ ಒತ್ತಿದಾಗ ಅದು ಚೂಪಾಗಿರುತ್ತದೆ. ಓವನ್‌ನಿಂದ ಹೊರಬರುವಾಗ ಮೊಂಡಾಗಿರುತ್ತದೆ, ಹಿಡಿಯ ತೂತೂ ಮುಚ್ಚಿಹೋಗಿರುತ್ತದೆ. ಕೈಗುಣ ಅಂತ ಸುಮ್ಮನಾಗಬೇಕಿಲ್ಲ. ಹಿಟ್ಟು ಕಲಸುವುದರಿಂದ ಹಿಡಿದು ಐಸಿಂಗ್ ಒಣಗುವವರೆಗೆ ಇಲ್ಲಿ ನಡೆಯುವುದೆಲ್ಲ ಹೆಚ್ಚುಕಡಿಮೆ ನೀರಿನ ವ್ಯವಹಾರ.

ಈ ಹಿಟ್ಟಿಗೆ ಯಾರೂ ನೀರು ಸುರಿಯುವುದಿಲ್ಲ, ಅಲ್ವಾ? ಆದರೂ ನೀರು ಇದೆ. ಅಂಗಡಿಯ ಬೆಣ್ಣೆಯಲ್ಲಿ ಶೇಕಡಾ 80ರಷ್ಟು ಕೊಬ್ಬು, ಸುಮಾರು 16ರಷ್ಟು ನೀರು. ಮೊಟ್ಟೆ ಹಾಕಿದರೆ ಇನ್ನಷ್ಟು. ಮೈದಾದ ಪ್ರೋಟೀನ್ ಈ ನೀರನ್ನು ಹೀರಿಕೊಳ್ಳುತ್ತದೆ. ಜಾಸ್ತಿ ನಾದಿದರೆ ಅದು ಗ್ಲೂಟೆನ್ ಎಂಬ ಜಿಗುಟು ಬಲೆಯಾಗಿ, ಲಟ್ಟಿಸಿ ಕತ್ತರಿಸಿದ ಆಕಾರವನ್ನು ಒಳಕ್ಕೆ ಎಳೆದು ಸೊಟ್ಟ ಮಾಡುತ್ತದೆ. ಅದಕ್ಕೇ ಮೊದಲು ಬೆಣ್ಣೆ, ಸಕ್ಕರೆ ಕಲಸಿ, ಮೈದಾ ಕೊನೆಗೆ ಹಾಕಿ, ಹಿಟ್ಟು ಒಂದುಗೂಡಿದ ಕೂಡಲೇ ಕೈ ತೆಗೆಯಬೇಕು. ಬೆಣ್ಣೆ ಮೈದಾದ ಕಣಗಳಿಗೆ ಸವರಿಕೊಂಡು ನೀರನ್ನು ದೂರ ಇಡುತ್ತದೆ.

ಓವನ್ ಒಳಗೆ ಕರಗುವುದಕ್ಕೂ ಗಟ್ಟಿಯಾಗುವುದಕ್ಕೂ ಪೈಪೋಟಿ. ಬೆಣ್ಣೆ ಸುಮಾರು 35 ಡಿಗ್ರಿ ಸೆಲ್ಸಿಯಸ್‌ಗೇ ಕರಗಿಬಿಡುತ್ತದೆ. ಸಕ್ಕರೆ ಇದ್ದಬದ್ದ ನೀರಿನಲ್ಲಿ ಕರಗಿ ಪಾಕವಾಗುತ್ತದೆ. ಹಿಟ್ಟು ಸಡಿಲವಾಗಿ ಹರಡತೊಡಗುತ್ತದೆ. ಮೊಟ್ಟೆಯ ಪ್ರೋಟೀನ್ ಗಟ್ಟಿಯಾಗಲು 60 ಡಿಗ್ರಿ ದಾಟಬೇಕು, ನೀರು ಆವಿಯಾಗಿ ಹೋಗಲು ಇನ್ನೂ ಹೊತ್ತು ಬೇಕು. ಮೂತಿ ಹಾಳಾಗುವುದು ಈ ನಡುವಿನ ನಿಮಿಷಗಳಲ್ಲೇ. ಕತ್ತರಿಸಿದ ಕುಕೀಗಳನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಮೊದಲೇ 175 ಡಿಗ್ರಿಗೆ ಕಾಯಿಸಿದ ಓವನ್‌ಗೆ ಹಾಕಿದರೆ ಬೆಣ್ಣೆ ತಡವಾಗಿ ಕರಗುತ್ತದೆ. ಅಷ್ಟರಲ್ಲಿ ಅಂಚು ಗಟ್ಟಿಯಾಗಿರುತ್ತದೆ. ಬೇಕಿಂಗ್ ಪೌಡರ್ ಕೂಡ ಚಿಟಿಕೆಯಷ್ಟೇ ಸಾಕು, ಉಬ್ಬಿದ ಹಿಟ್ಟಿಗೆ ಚೂಪು ನಿಲ್ಲುವುದಿಲ್ಲ. ಇನ್ನು, ಹೊರತೆಗೆದ ಕುಕೀ ಮೆತ್ತಗಿದೆ ಅಂತ ಮತ್ತೆ ಒಳಗಿಡಬೇಡಿ. ಒಳಗಿನ ಪಾಕ ತಣ್ಣಗಾದ ಮೇಲೇ ಅದು ಗರಿಗರಿಯಾಗುವುದು.

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಮೇಲಿನ ಅಲಂಕಾರ, ಅಂದರೆ ರಾಯಲ್ ಐಸಿಂಗ್. ಮೊಟ್ಟೆಯ ಬಿಳಿಭಾಗಕ್ಕೆ ಐಸಿಂಗ್ ಶುಗರ್ ಹಾಕಿ ಕಡೆದರೆ ಅದು ತಯಾರು. ಲೆಕ್ಕ ಸ್ವಲ್ಪ ನೋಡಿ. ಒಂದು ಮೊಟ್ಟೆಯ ಬಿಳಿಭಾಗ ಸುಮಾರು 30 ಗ್ರಾಂ, ಅದರಲ್ಲಿ 26 ಗ್ರಾಂ ನೀರೇ. ಸಾಧಾರಣ ಬಿಸಿಲಿನ ದಿನ ನೀರು ತನ್ನ ತೂಕದ ಎರಡರಷ್ಟು ಸಕ್ಕರೆಯನ್ನು ಕರಗಿಸಬಲ್ಲದು, ಅಂದರೆ ಇಲ್ಲಿ 50 ಗ್ರಾಂ ಚಿಲ್ಲರೆ. ನಾವು ಹಾಕುವುದು 150 ಗ್ರಾಂಗೂ ಜಾಸ್ತಿ. ಉಳಿದದ್ದು ಕರಗದೆ, ನುಣ್ಣನೆ ಕಣಗಳಾಗಿಯೇ ಪಾಕದಲ್ಲಿ ಒತ್ತೊತ್ತಾಗಿ ನಿಂತಿರುತ್ತದೆ. ಈ ಒತ್ತಿನಿಂದಲೇ ಪೈಪಿಂಗ್ ಬ್ಯಾಗ್ ಹಿಂಡಿದಾಗ ಹರಿಯುವ ಐಸಿಂಗ್, ಕೈ ಬಿಟ್ಟ ತಕ್ಷಣ ಗೆರೆಯಾಗಿ ನಿಂತುಬಿಡುತ್ತದೆ. ಅದೇ ಐಸಿಂಗ್‌ಗೆ ನಾಲ್ಕು ಹನಿ ನೀರು ಸೇರಿಸಿ ನೋಡಿ. ಕಣಗಳು ದೂರ ಸರಿದು ಐಸಿಂಗ್ ತಾನಾಗಿ ಹರಡಿ ಸಮತಟ್ಟಾಗುತ್ತದೆ. ಗಟ್ಟಿ ಐಸಿಂಗ್‌ನಲ್ಲಿ ಅಂಚು ಬರೆದು, ತೆಳು ಐಸಿಂಗ್‌ನಲ್ಲಿ ಒಳಗೆ ತುಂಬುವುದು ಇದೇ ಕಾರಣಕ್ಕೆ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಮಕ್ಕಳು ತಿನ್ನುವುದಾದರೆ ಮೆರಿಂಗ್ ಪೌಡರ್, ಅಂದರೆ ಪಾಶ್ಚರೀಕರಿಸಿ ಒಣಗಿಸಿದ ಮೊಟ್ಟೆಬಿಳಿಯ ಪುಡಿ, ಒಳ್ಳೆಯದು.

ಒಣಗುವಾಗ ನೀರು ಹೋಗಿ, ಕರಗಿದ್ದ ಸಕ್ಕರೆ ಮತ್ತೆ ಹರಳಾಗುತ್ತದೆ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಪಾಕವನ್ನು ಕೈಯಾಡಿಸಿ ಬೆಳ್ಳಗಾಗಿಸಿಯೇ ಅಚ್ಚಿಗೆ ಹೊಯ್ಯುತ್ತಾರೆ. ಕೈಯಾಡಿಸಿದಷ್ಟೂ ಹರಳು ಸಣ್ಣದಾಗುತ್ತದೆ, ಸಣ್ಣ ಹರಳುಗಳು ಬೆಳಕನ್ನು ಚದುರಿಸುವುದರಿಂದ ಅಚ್ಚು ಹಾಲಿನ ಬಣ್ಣಕ್ಕೆ ಬರುತ್ತದೆ. ಐಸಿಂಗ್ ಬೇಗ ಒಣಗಿದರೂ ಹಾಗೇ: ಹರಳು ಸಣ್ಣದಿದ್ದು ಮೇಲ್ಮೈ ಹೊಳೆಯುತ್ತದೆ. ನಿಧಾನವಾದರೆ ಹರಳು ಬೆಳೆದು ಮಂಕಾಗುತ್ತದೆ. ಫ್ಯಾನ್ ಕೆಳಗೆ ಇಡುವುದು ಅದಕ್ಕೇ. ಗಾಳಿಯ ತೇವಾಂಶ ಶೇಕಡಾ 85 ದಾಟಿದರಂತೂ ಸಕ್ಕರೆ ಗಾಳಿಯಿಂದಲೇ ನೀರು ಎಳೆದುಕೊಳ್ಳುತ್ತದೆ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಬರೀ ಫ್ಯಾನ್ ಸಾಲದು, ಎ.ಸಿ. ಕೋಣೆ ಬೇಕಾಗುತ್ತದೆ.

ಕೆಂಪು ಐಸಿಂಗ್‌ನ ಬಣ್ಣ ಬಿಳಿ ಐಸಿಂಗ್ ಮೇಲೆ ಹರಡುವುದೂ ನೀರಿನ ಕೆಲಸವೇ. ಸಾಮಾನ್ಯವಾಗಿ ಸಿಗುವ ಅಡುಗೆ ಬಣ್ಣಗಳು ನೀರಿನಲ್ಲಿ ಕರಗುವಂಥವು. ಎರಡೂ ಹಸಿಯಿದ್ದರೆ ಬಣ್ಣ ನೀರಿನ ಜೊತೆ ಆಚೆ ದಾಟುತ್ತದೆ. ಬಿಳಿ ಪೂರ್ತಿ ಒಣಗಲಿ, ಆಮೇಲೆ ಗುಲಾಬಿ ಬರೆಯಿರಿ.

ಕೊನೆಗೆ ಇದನ್ನು ಟೀಗೆ ಅದ್ದುವವರು ಇದ್ದೇ ಇರುತ್ತಾರೆ. ಬಿಸ್ಕತ್ತಿನ ಸಣ್ಣ ರಂಧ್ರಗಳಲ್ಲಿ ಟೀ ಏರುವ ಲೆಕ್ಕಕ್ಕೆ, ಎಡ್ವರ್ಡ್ ವಾಶ್‌ಬರ್ನ್ 1921ರಲ್ಲಿ ಕೊಟ್ಟ ಸೂತ್ರ ಹೊಂದುತ್ತದೆ: ಎರಡು ಪಟ್ಟು ದೂರಕ್ಕೆ ನಾಲ್ಕು ಪಟ್ಟು ಸಮಯ. ಭೌತವಿಜ್ಞಾನಿ ಲೆನ್ ಫಿಶರ್ ಇದನ್ನೇ ಬಳಸಿ ಬಿಸ್ಕತ್ ಅದ್ದುವ ಒಳ್ಳೆಯ ವಿಧಾನ ಲೆಕ್ಕ ಹಾಕಿದರು. ಅದಕ್ಕೆ 1999ರ ಇಗ್ ನೊಬೆಲ್ ಬಂತು. ಮೊದಲು ನಗಿಸಿ, ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ ಅದು. ಅದೇ ಬಹುಮಾನದಲ್ಲಿ ಪಾಲು ಪಡೆದ ಜಾನ್-ಮಾರ್ಕ್ ವಾಂಡನ್-ಬ್ರೂಕ್ ಅವರು ತೊಟ್ಟಿಕ್ಕದ ಟೀಪಾಟ್ ಮೂತಿ ಹೇಗಿರಬೇಕು ಅಂತ ಲೆಕ್ಕ ಹಾಕಿದ್ದರು. ಫಿಶರ್ ಸಲಹೆ ಸರಳ: ಬಿಸ್ಕತ್ತನ್ನು ನೆಟ್ಟಗೆ ಮುಳುಗಿಸದೆ, ಅಡ್ಡಲಾಗಿ ಹಿಡಿದು ಕೆಳಮೈಯನ್ನಷ್ಟೇ ನೆನೆಸಿ. ಮೇಲ್ಮೈ ಒಣಗಿದ್ದು ಭಾರ ಹೊರುತ್ತದೆ. ನಮ್ಮ ಕುಕೀಗೆ ಇದರಿಂದ ಎರಡು ಲಾಭ. ಮುರಿದು ಕಪ್ಪಿಗೆ ಬೀಳುವುದಿಲ್ಲ, ಐಸಿಂಗ್ ಮೇಲ್ಮುಖವಾಗಿದ್ದರೆ ಗುಲಾಬಿಯೂ ಕರಗುವುದಿಲ್ಲ.