ಹಳೇಬೀಡಿನ ಗೋಡೆ ಮತ್ತು ನಮ್ಮ ಕಣ್ಣು

ಬೇಲೂರಿನ ದೇವಸ್ಥಾನವನ್ನು ಗೈಡ್ ಜೊತೆ ಸುತ್ತಿ ಬಂದವರನ್ನು ಏನು ನೋಡಿದಿರಿ ಅಂತ ಕೇಳಿ. ಕನ್ನಡಿ ಹಿಡಿದ ದರ್ಪಣಸುಂದರಿ, ಹಣ್ಣಿನ ಮೇಲೆ ಕೂತ ನೊಣ, ಅದನ್ನು ಹಿಡಿಯಲು ಹೊಂಚು ಹಾಕಿದ ಹಲ್ಲಿ, ಬಾಗಿಲ ಬಳಿ ಮೃಗದ ಜೊತೆ ಸೆಣಸುತ್ತಿರುವ ಸಳ. ಎಲ್ಲವೂ ಕಥೆ. ಕಥೆ ಕೇಳುವುದು ಒಳ್ಳೆಯದೇ. ಆದರೆ ಆ ಹಲ್ಲಿ ಕೆಳಗೆ ನಿಂತವರಿಗೆ ಕಾಣುವುದಾದರೂ ಹೇಗೆ? ಬಳ್ಳಿಯೂ ಕಲ್ಲು, ಹಣ್ಣೂ ಕಲ್ಲು, ಹಲ್ಲಿಯೂ ಕಲ್ಲು. ಎಲ್ಲದಕ್ಕೂ ಒಂದೇ ಬಣ್ಣ. ಆದರೂ ಕಣ್ಣು ಅವನ್ನು ಕ್ಷಣದಲ್ಲಿ ಬೇರೆ ಬೇರೆ ಮಾಡಿ ತೋರಿಸುತ್ತದೆ. ನನಗೆ ಕಥೆಗಿಂತ ಈ ಸಂಗತಿಯೇ ದೊಡ್ಡದು ಅನಿಸುತ್ತದೆ.

ಡ್ರಾಯಿಂಗ್ ಪರೀಕ್ಷೆಗೆ ಓದುವ ಮಕ್ಕಳು ಒಂದು ಪಟ್ಟಿ ಬಾಯಿಪಾಠ ಮಾಡುತ್ತಾರೆ. ಗೆರೆ, ಆಕಾರ, ಘನರೂಪ, ನೆರಳು ಬೆಳಕು, ಬಣ್ಣ, ಮೈವಳಿಕೆ, ಅವಕಾಶ. ಇವು ಮೂಲಾಂಶಗಳು. ಸಮತೋಲನ, ಲಯ, ಪ್ರಮಾಣ, ಒತ್ತು, ವೈದೃಶ್ಯ, ಏಕತೆ. ಇವು ತತ್ವಗಳು. ಪಟ್ಟಿಯಾಗಿ ಓದಿದರೆ ಬೇಗ ಮರೆತುಹೋಗುತ್ತದೆ. ಯಾರೋ ಮೇಷ್ಟ್ರು ಕೂತು ಮಾಡಿದ ನಿಯಮಗಳ ಹಾಗೆ ಕಾಣುತ್ತವೆ. ಅಸಲಿಗೆ ಇವುಗಳಲ್ಲಿ ಹೆಚ್ಚಿನವು ನಮ್ಮ ಕಣ್ಣು ಮತ್ತು ಮಿದುಳು ಕೆಲಸ ಮಾಡುವ ರೀತಿಯಿಂದಲೇ ಹುಟ್ಟಿದವು. ಅದನ್ನು ಅರಿಯಲು ಹಾಸನ, ಚಿಕ್ಕಮಗಳೂರಿನವರು ದೂರದ ಆರ್ಟ್ ಗ್ಯಾಲರಿಗೆ ಹೋಗಬೇಕಾಗಿಲ್ಲ. ಬಸ್ ಹತ್ತಿ ಹಳೇಬೀಡಿಗೆ ಹೋದರೆ ಸಾಕು.

ಮೊದಲು ಗೆರೆ. 1958ರಲ್ಲಿ ಅಮೆರಿಕದಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬ ಇಬ್ಬರು ವಿಜ್ಞಾನಿಗಳು ಬೆಕ್ಕಿನ ಮಿದುಳಿನ ದೃಷ್ಟಿ ಭಾಗವನ್ನು ಪರೀಕ್ಷಿಸುತ್ತಿದ್ದರು. ಒಂದೇ ಒಂದು ನರಕೋಶದ ಸದ್ದನ್ನು ಕೇಳಿಸಿಕೊಳ್ಳುತ್ತಾ ಬೆಕ್ಕಿನ ಮುಂದೆ ಚುಕ್ಕೆಗಳನ್ನು ತೋರಿಸಿದರು. ಕೋಶ ಸುಮ್ಮನಿತ್ತು. ಚುಕ್ಕೆ ಇದ್ದ ಗಾಜಿನ ಸ್ಲೈಡನ್ನು ಯಂತ್ರಕ್ಕೆ ತೂರಿಸುವಾಗ ಅದರ ಅಂಚಿನ ನೆರಳು ಪರದೆ ಮೇಲೆ ಓರೆಯಾಗಿ ಹಾದುಹೋಯಿತು. ಆಗ ಕೋಶ ಪಟಪಟನೆ ಉತ್ತರ ಕೊಟ್ಟಿತು! ಅದು ಕಾಯುತ್ತಿದ್ದದ್ದು ಚುಕ್ಕೆಗಲ್ಲ, ಒಂದು ನಿರ್ದಿಷ್ಟ ಓರೆಯಲ್ಲಿರುವ ಅಂಚಿಗೆ. ಕೆಲವು ಕೋಶಗಳಿಗೆ ನೆಟ್ಟಗಿನ ಅಂಚು ಬೇಕು, ಕೆಲವಕ್ಕೆ ಅಡ್ಡ, ಇನ್ನು ಕೆಲವಕ್ಕೆ ಓರೆ. ಈ ಕೆಲಸಕ್ಕೆ ಇಬ್ಬರಿಗೂ 1981ರಲ್ಲಿ ನೊಬೆಲ್ ಬಂತು. ಎರಡು ಗೆರೆ ಗೀಚಿದರೂ ಮಗುವಿಗೆ ಅದು ಬೆಕ್ಕು ಅಂತ ಗೊತ್ತಾಗುತ್ತದಲ್ವಾ, ಅದರ ಹಿಂದೆ ಈ ಕೋಶಗಳಿವೆ. ಲೋಕದಲ್ಲಿ ವಸ್ತುಗಳ ಸುತ್ತ ಯಾರೂ ಗೆರೆ ಎಳೆದಿಟ್ಟಿಲ್ಲ. ಒಂದು ಮೈ ಮುಗಿದು ಇನ್ನೊಂದು ಶುರುವಾಗುವ ಕಡೆ ಮಿದುಳೇ ಗೆರೆಯನ್ನು ಹುಡುಕಿಕೊಳ್ಳುತ್ತದೆ.

ಹಾಗಾದರೆ ಕಲ್ಲಿನಲ್ಲಿ ಗೆರೆ ಎಳೆಯುವುದು ಯಾರು? ನೆರಳು. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದಲ್ಲಿ ಯಾವುದಾದರೂ ಮೂರ್ತಿಯ ಹಾರವನ್ನು ಹತ್ತಿರದಿಂದ ನೋಡಿ. ಹಾರದ ಅಂಚಿನ ಕೆಳಗೆ ಉಳಿಯನ್ನು ಒಳಕ್ಕೆ ಹೊಗಿಸಿ ಕೊರೆದಿದ್ದಾರೆ. ಆ ಕೊರೆತದೊಳಗೆ ಬೆಳಕು ಇಳಿಯುವುದಿಲ್ಲ. ಎದೆಯ ಮೇಲೆ ಕಪ್ಪು ಇಂಕಿನಲ್ಲಿ ಬರೆದಂತೆ ಒಂದು ಗೆರೆ ನಿಲ್ಲುತ್ತದೆ. ಬೇಲೂರಿನ ಹಲ್ಲಿಯೂ ಕಾಣುವುದು ಹೀಗೆಯೇ. ಶಿಲ್ಪಿ ಕೆತ್ತಿದ್ದು ಕಲ್ಲನ್ನು, ಆದರೆ ಅವನ ಲೆಕ್ಕವೆಲ್ಲ ಕತ್ತಲೆ ಎಲ್ಲಿ ಬೀಳಬೇಕು ಅನ್ನುವುದರ ಮೇಲಿತ್ತು.

ಇಷ್ಟು ಒಳಗೆ ಕೊರೆಯಲು ಕಲ್ಲೂ ಒಪ್ಪಬೇಕು. ಇದು ಬಳಪದ ಕಲ್ಲು. ಇದರಲ್ಲಿ ಟಾಲ್ಕ್, ಕ್ಲೋರೈಟ್ ಎಂಬ ಮೆತ್ತನೆಯ ಖನಿಜಗಳಿವೆ. ಅವು ತೆಳು ಹಾಳೆಗಳಂತೆ ಒಂದರ ಮೇಲೊಂದು ಕೂತಿರುತ್ತವೆ, ಹಾಳೆ ಹಾಳೆಯ ನಡುವಿನ ಹಿಡಿತ ಕಡಿಮೆ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪನದಲ್ಲಿ ಟಾಲ್ಕ್ 1, ಕ್ಲೋರೈಟ್ 2ರಿಂದ 2.5. ಗ್ರಾನೈಟಿನಲ್ಲಿರುವ ಕ್ವಾರ್ಟ್ಜ್ 7. ಬಳಪದ ಕಲ್ಲಿನ ಕಣಗಳೂ ಸಣ್ಣವು. ಹಾಗಾಗಿ ನೂಲಿನಷ್ಟು ತೆಳುವಾಗಿ ಕೊರೆದರೂ ಮುರಿಯದೆ ನಿಲ್ಲುತ್ತದೆ. ಗಾಳಿ ಬೆಳಕಿಗೆ ಬಿದ್ದ ಮೇಲೆ ನಿಧಾನಕ್ಕೆ ಗಟ್ಟಿಯಾಗುತ್ತದೆ. ಹೊಯ್ಸಳರ ಶಿಲ್ಪ ಇಷ್ಟು ಸೂಕ್ಷ್ಮ ಯಾಕೆ ಎಂದರೆ ಶಿಲ್ಪಿಗಳ ಕೈಚಳಕ ಅಂತ ಮಾತ್ರ ಹೇಳಿ ಬಿಡುವುದು ಸಾಲದು. ಅವರು ಕಲ್ಲನ್ನು ಆರಿಸಿದ ರೀತಿಯಲ್ಲೂ ಅಷ್ಟೇ ಬುದ್ಧಿ ಇದೆ.

ಈಗ ನೆರಳು ಬೆಳಕಿನ ವಿಷಯ. ನನ್ನ ಮಟ್ಟಿಗೆ ಎಲ್ಲ ಮೂಲಾಂಶಗಳಲ್ಲಿ ಇದೇ ರಾಜ. 1760ರಲ್ಲಿ ಯೋಹಾನ್ ಲ್ಯಾಂಬರ್ಟ್ ಎಂಬ ವಿಜ್ಞಾನಿ ಒಂದು ನಿಯಮ ಬರೆದರು. ಹೊಳಪಿಲ್ಲದ ಮೈ ಮೇಲೆ ಬೆಳಕು ನೇರವಾಗಿ ಬಿದ್ದರೆ ಪೂರ್ತಿ ಬೆಳಗುತ್ತದೆ. ಓರೆಯಾದಷ್ಟೂ ಮಂಕಾಗುತ್ತದೆ. 60 ಡಿಗ್ರಿ ಓರೆಯಾದರೆ ಬೆಳಕು ಸರಿಯಾಗಿ ಅರ್ಧಕ್ಕೆ ಇಳಿಯುತ್ತದೆ. ದುಂಡಗಿನ ತೋಳು ದುಂಡಗೆ ಕಾಣುವುದು ಇದರಿಂದಲೇ. ಬೆಳಕಿಗೆ ಎದುರಾದ ಕಡೆ ಬಿಳುಪು, ಬಳುಕಿ ಹಿಂದೆ ಸರಿದಂತೆ ಬೂದು, ಆಮೇಲೆ ಕಪ್ಪು. ಹೊಯ್ಸಳರ ಗೋಡೆಗಳು ನೆಟ್ಟಗೆ ಚಪ್ಪಟೆಯಾಗಿಲ್ಲ. ನಕ್ಷತ್ರದ ಮೊನೆಗಳ ಹಾಗೆ ಮಡಿಚಿಕೊಂಡು ಹೋಗುತ್ತವೆ. ಒಂದೊಂದು ಮಡಿಕೆಯೂ ಸೂರ್ಯನಿಗೆ ಒಂದೊಂದು ಕೋನದಲ್ಲಿದೆ. ಹಾಗಾಗಿ ಯಾವ ಹೊತ್ತಿನಲ್ಲಿ ನೋಡಿದರೂ ಕೆಲವು ಮುಖ ಬೆಳಗಿರುತ್ತವೆ, ಕೆಲವು ನೆರಳಲ್ಲಿರುತ್ತವೆ. ಗೋಡೆಯ ಬಣ್ಣ ಒಂದೇ, ಛಾಯೆ ಮಾತ್ರ ಹತ್ತಾರು.

ಇದರಿಂದ ನೋಡುವವರಿಗೂ ಒಂದು ಉಪಯೋಗವಿದೆ. ಬೆಳಿಗ್ಗೆ ಬೇಗ ಹೋದರೆ ಶಿಲ್ಪ ಚೆನ್ನಾಗಿ ಕಾಣುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಪೂರ್ವದ ಗೋಡೆಗೆ ಇದು ಪೂರ್ತಿ ನಿಜವಲ್ಲ. ಆಗತಾನೆ ಹುಟ್ಟಿದ ಸೂರ್ಯ ಆ ಗೋಡೆಗೆ ನೇರ ಎದುರಿಗಿರುತ್ತಾನೆ. ಬಣ್ಣ ಹಿತವಾಗಿರುತ್ತದೆ, ಆದರೆ ನೆರಳು ಮೂರ್ತಿಯ ಹಿಂದೆ ಅಡಗಿಕೊಳ್ಳುತ್ತದೆ. ಹತ್ತು ಹನ್ನೊಂದು ಗಂಟೆಗೆ ಬಿಸಿಲು ಮೇಲಿನಿಂದ ಗೋಡೆಯನ್ನು ಸವರಿಕೊಂಡು ಇಳಿಯುತ್ತದೆ. ಆಗ ಪ್ರತಿ ಮಣಿಯ ಕೆಳಗೂ ನೆರಳು ಮೂಡುತ್ತದೆ. ಪಶ್ಚಿಮದ ಗೋಡೆಗೆ ಮಧ್ಯಾಹ್ನ ಊಟದ ನಂತರದ ಹೊತ್ತು ವಾಸಿ. ಚಳಿಗಾಲದಲ್ಲಿ ದಕ್ಷಿಣದ ಗೋಡೆ ದಿನವಿಡೀ ಬಿಸಿಲು ಕಾಣುತ್ತದೆ.

ಒಂದು ಪ್ರಯೋಗ ಮಾಡಿ. ಬಳ್ಳಿಯ ಸುರುಳಿ ಅಥವಾ ಹೂವಿನ ಕೆತ್ತನೆಯ ಫೋಟೋ ತೆಗೆದು, ಮೊಬೈಲಿನ ಆಟೋ ರೊಟೇಟ್ ಆಫ್ ಮಾಡಿ, ಫೋನನ್ನು ತಲೆಕೆಳಗು ಹಿಡಿಯಿರಿ. ಉಬ್ಬಿದ ಹೂವು ಎಷ್ಟೋ ಸಲ ತಗ್ಗಿದ ಗುಳಿಯಾಗಿ ಕಾಣುತ್ತದೆ. ಬೆಳಕು ಯಾವಾಗಲೂ ಮೇಲಿನಿಂದ ಬರುತ್ತದೆ ಅಂತ ಮಿದುಳು ಮೊದಲೇ ತೀರ್ಮಾನ ಮಾಡಿಕೊಂಡಿರುತ್ತದೆ. ಮೇಲೆ ಬಿಳುಪು, ಕೆಳಗೆ ಕಪ್ಪು ಇದ್ದರೆ ಅದು ಉಬ್ಬು. ತಿರುಗುಮುರುಗಾದರೆ ತಗ್ಗು. 1988ರಲ್ಲಿ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಸುಮ್ನೆ ಬೂದು ಛಾಯೆಯ ವೃತ್ತಗಳನ್ನು ಇಟ್ಟುಕೊಂಡು ಇದನ್ನು ಬಹಳ ಚೆನ್ನಾಗಿ ತೋರಿಸಿದರು. ಆದರೆ ಮನುಷ್ಯರ ಮುಖವಿರುವ ಫೋಟೋದಲ್ಲಿ ಈ ಆಟ ಅಷ್ಟು ಸುಲಭವಾಗಿ ನಡೆಯುವುದಿಲ್ಲ. ಮುಖ ಉಬ್ಬಿರುತ್ತದೆ ಅನ್ನುವ ಅನುಭವ ಅಷ್ಟು ಗಟ್ಟಿ.

ಲಯಕ್ಕೆ ಬರೋಣ. ಹಳೇಬೀಡಿನ ಗೋಡೆಯ ಬುಡದಲ್ಲಿ ಪಟ್ಟಿಗಳ ಸಾಲಿದೆ. ತೀರ ಕೆಳಗೆ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕಥೆಗಳು, ಮಕರ, ಕೊನೆಗೆ ಹಂಸ. ಭಾರದ ಪ್ರಾಣಿ ಕೆಳಗೆ, ಹಾರುವ ಹಕ್ಕಿ ಮೇಲೆ. ಕಣ್ಣಿಗೂ ತೂಕದ ಲೆಕ್ಕ ಗೊತ್ತು. ಇದನ್ನು ಉಲ್ಟಾ ಮಾಡಿ ಕಲ್ಪಿಸಿಕೊಳ್ಳಿ, ಗೋಡೆಯೇ ಮಗುಚಿ ಬೀಳುವ ಹಾಗೆ ಅನಿಸುತ್ತದೆ. ಇನ್ನು ಆನೆಗಳ ಸಾಲು. ದೂರದಿಂದ ನೋಡಿದರೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ. ಹತ್ತಿರ ಹೋದರೆ ಒಂದರ ಸೊಂಡಿಲು ಮಡಚಿದೆ, ಇನ್ನೊಂದು ಮುಂದಿನದರ ಕಡೆ ಚಾಚಿದೆ. ನಮ್ಮ ನರಕೋಶಗಳು ಒಂದೇ ವಿಷಯ ಮತ್ತೆ ಮತ್ತೆ ಬಂದರೆ ಮಂಕಾಗುತ್ತವೆ. ಸಣ್ಣ ಬದಲಾವಣೆ ಬಂದ ಕೂಡಲೇ ಚುರುಕಾಗುತ್ತವೆ. ಬರೀ ಪುನರಾವರ್ತನೆ ಬೇಸರ, ಬರೀ ಬದಲಾವಣೆ ಗೊಂದಲ. ಎರಡೂ ಹದವಾಗಿ ಬೆರೆತರೆ ಲಯ.

ಈ ಅಡ್ಡ ಪಟ್ಟಿಗಳಿಗೆ ಇನ್ನೊಂದು ಕೆಲಸವೂ ಇದೆ. ಕಣ್ಣಿನಲ್ಲಿ ಸ್ಪಷ್ಟವಾಗಿ ಕಾಣುವ ಭಾಗ ತೀರಾ ಚಿಕ್ಕದು. ಕೈ ಚಾಚಿ ಹೆಬ್ಬೆರಳಿನ ಉಗುರು ನೋಡಿದರೆ ಆ ಉಗುರಿನಷ್ಟು ಜಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಉಳಿದದ್ದೆಲ್ಲ ಮಬ್ಬು. ಅದಕ್ಕೇ ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ಜಿಗಿಯುತ್ತಲೇ ಇರುತ್ತದೆ. ಪಟ್ಟಿಗಳು ಈ ಜಿಗಿತಕ್ಕೆ ದಾರಿ ಹಾಕಿಕೊಡುತ್ತವೆ. ಮೇಲಿನ ದೊಡ್ಡ ಮೂರ್ತಿಗಳು ಅದನ್ನು ತಡೆದು ನಿಲ್ಲಿಸುತ್ತವೆ. ಕಲಾಪಾಠದಲ್ಲಿ ಒತ್ತು ಅನ್ನುವುದು ಇದನ್ನೇ.

ಸಮತೋಲನಕ್ಕೆ ಬೇಲೂರಿಗೆ ವಾಪಸ್ ಹೋಗಬೇಕು. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಸ್ಥಾನದ ಮದನಿಕೆಯರು ಯಾರೂ ನೆಟ್ಟಗೆ ನಿಂತಿಲ್ಲ. ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ, ತಲೆ ಮತ್ತೆ ಮೊದಲ ಕಡೆಗೆ. ಎಡ ಬಲ ಒಂದೇ ಸಮ ಇಲ್ಲ. ಆದರೂ ಬೀಳುತ್ತಾರೆ ಅಂತ ಯಾರಿಗೂ ಅನಿಸುವುದಿಲ್ಲ. ದೇಹದ ಭಾರವೆಲ್ಲ ಊರಿದ ಕಾಲಿನ ಮೇಲೆ ಇಳಿದಿರುತ್ತದೆ. ನಾವೂ ದಿನವಿಡೀ ಹೀಗೆ ನಿಲ್ಲುವವರೇ ಆದ್ದರಿಂದ ನೋಡಿದ ಕೂಡಲೇ ಮೈಗೆ ಅರ್ಥವಾಗುತ್ತದೆ. ಎರಡೂ ಕಡೆ ಸಮ ಮಾಡಿಟ್ಟು ಸಾಧಿಸುವ ಸಮತೋಲನ ಸುಲಭ. ಸಮ ಇಲ್ಲದೆ ಸಾಧಿಸುವುದು ಕಷ್ಟ, ನೋಡಲು ಹೆಚ್ಚು ಸೊಗಸೂ ಹೌದು. ಈ ಶಿಲ್ಪಗಳನ್ನು ಸೂರಿನ ಕೆಳಗೆ ನಮ್ಮ ಕಡೆಗೆ ವಾಲಿಸಿ ಕೂರಿಸಿದ್ದಾರೆ ಅನ್ನುವುದನ್ನೂ ಗಮನಿಸಿ. ಕೆಳಗಿನಿಂದ ಕತ್ತೆತ್ತಿ ನೋಡುವವರಿಗೆ ಮುಖ ಕುಗ್ಗಿ ಹೋಗದೆ ಪೂರ್ತಿ ಕಾಣುತ್ತದೆ.

ದೇವಸ್ಥಾನದ ಒಳಗೆ ಹೋದಾಗ ಒಂದು ಮಾತು ನೆನಪಿರಲಿ. ಬಿಸಿಲಿನಿಂದ ಬಂದ ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಿಕೊಳ್ಳಲು 20ರಿಂದ 30 ನಿಮಿಷ ಬೇಕು. ಎರಡು ನಿಮಿಷ ನಿಂತು ಏನೂ ಕಾಣಲ್ಲ ಅಂತ ಹೊರಟುಬಿಡಬೇಡಿ.

ಅವಕಾಶ ಅಂದರೆ ಚಪ್ಪಟೆ ಕಾಗದದಲ್ಲಿ ದೂರ ಹತ್ತಿರ ತೋರಿಸುವುದು. ಇದಕ್ಕೆ ಮುಳ್ಳಯ್ಯನಗಿರಿಗಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ. ಸುಮಾರು 1,930 ಮೀಟರ್ ಎತ್ತರದ ಈ ತುದಿಯಿಂದ ಮಂಜಿಲ್ಲದ ದಿನ ನೋಡಿದರೆ ಹತ್ತಿರದ ಗುಡ್ಡ ಹಸಿರು, ಅದರಾಚೆಯದು ನೀಲಿ ಬೆರೆತ ಹಸಿರು, ಅದರಾಚೆಯದು ನೀಲಿ, ಕೊನೆಯ ಸಾಲು ಆಕಾಶಕ್ಕೇ ಅಂಟಿಕೊಂಡಷ್ಟು ತೆಳು. ನಡುವೆ ಇರುವ ಗಾಳಿ ಬಿಸಿಲನ್ನು ಚದುರಿಸಿ ನಮ್ಮ ಕಣ್ಣಿಗೆ ತಳ್ಳುತ್ತದೆ. ಕೆಂಪಿಗಿಂತ ನೀಲಿ ನಾಲ್ಕು ಪಟ್ಟಿಗೂ ಜಾಸ್ತಿ ಚದುರುತ್ತದೆ. 1871ರಲ್ಲಿ ಭೌತವಿಜ್ಞಾನಿ ರ‍್ಯಾಲೆ ಇದರ ಲೆಕ್ಕ ಕೊಟ್ಟರು. ಗುಡ್ಡ ದೂರವಾದಷ್ಟೂ ನಡುವಿನ ಗಾಳಿ ಹೆಚ್ಚು. ಹಾಗಾಗಿ ನೀಲಿ ಹೆಚ್ಚು, ಕಪ್ಪು ಬಿಳುಪಿನ ವ್ಯತ್ಯಾಸ ಕಡಿಮೆ. ಬೆಟ್ಟದ ಚಿತ್ರ ಬರೆಯುವ ಮಕ್ಕಳು ದೂರದ ಸಾಲಿಗೂ ಹತ್ತಿರದ ಸಾಲಿಗೂ ಒಂದೇ ಹಸಿರು ಬಳಿಯುತ್ತಾರೆ, ಆಮೇಲೆ ಚಿತ್ರ ಯಾಕೋ ಸರಿ ಬರಲಿಲ್ಲ ಅಂತ ಕೊರಗುತ್ತಾರೆ. ಅವರನ್ನು ಒಂದು ಸಲ ಅಲ್ಲಿಗೆ ಕರೆದುಕೊಂಡು ಹೋಗಿ.

ಬಣ್ಣದ ಪಾಠ ಇಳಿದು ಬರುವ ದಾರಿಯ ಕಾಫಿ ತೋಟಗಳಲ್ಲೇ ಇದೆ. ಹಣ್ಣಾದ ಅರೇಬಿಕಾ ಹಸಿರು ಎಲೆಯ ನಡುವೆ ಕೆಂಪಗೆ ಎದ್ದು ಕಾಣುತ್ತದೆ. ಕೆಂಪು ಹಸಿರನ್ನು ಬೇರೆ ಮಾಡಿ ನೋಡುವ ಶಕ್ತಿ ಎಲ್ಲ ಪ್ರಾಣಿಗಳಿಗೂ ಇಲ್ಲ. ನಾಯಿಗೆ ಇಲ್ಲ, ದನಕ್ಕೂ ನಮ್ಮಷ್ಟಿಲ್ಲ. ಎಲೆಗಳ ನಡುವೆ ಹಣ್ಣು ಹುಡುಕುವ ಅಗತ್ಯದಿಂದಲೇ ಮಂಗಗಳ ವಂಶದಲ್ಲಿ ಇದು ಬೆಳೆಯಿತು ಅಂತ ಹಲವು ವಿಜ್ಞಾನಿಗಳು ವಾದಿಸುತ್ತಾರೆ. ಈಗ ಅದೇ ಗಿಡವನ್ನು ಸಂಜೆ ಬೆಳಕು ಇಳಿಯುವಾಗ ನೋಡಿ. ಕೆಂಪು ಹಣ್ಣು ಕಪ್ಪಾಗುತ್ತದೆ, ಎಲೆ ಮಾತ್ರ ಇನ್ನೂ ತಿಳಿಯಾಗಿರುತ್ತದೆ. ಮಂದ ಬೆಳಕಿನಲ್ಲಿ ಕಣ್ಣಿನ ಬೇರೆ ಕೋಶಗಳು ಕೆಲಸಕ್ಕೆ ಬರುತ್ತವೆ, ಅವಕ್ಕೆ ಕೆಂಪು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಎರಡು ನೂರು ವರ್ಷಗಳ ಹಿಂದೆ ಯಾನ್ ಪುರ್ಕಿನ್ಯೆ ಎಂಬ ವಿಜ್ಞಾನಿ ಇದನ್ನು ಕೆಂಪು ಹೂಗಳಲ್ಲಿ ಗುರುತಿಸಿದ್ದರು. ಕೆಂಪಿಗೆ ಬೆಲೆ ಬರುವುದು ಪಕ್ಕದ ಹಸಿರಿನಿಂದ ಮತ್ತು ಮೇಲಿನ ಬೆಳಕಿನಿಂದ. ಬಣ್ಣ ಯಾವತ್ತೂ ಒಂಟಿಯಾಗಿ ಇರುವುದಿಲ್ಲ.

ಶ್ರವಣಬೆಳಗೊಳದ ಗೊಮ್ಮಟನ ಮುಂದೆ ನಿಂತರೆ ಹಳೇಬೀಡಿನ ಪಾಠ ಪೂರ್ತಿ ತಿರುಗುತ್ತದೆ. ಹತ್ತನೇ ಶತಮಾನದ ಕೊನೆಯಲ್ಲಿ ಚಾವುಂಡರಾಯ ಮಾಡಿಸಿದ ಸುಮಾರು 57 ಅಡಿಯ ಈ ಮೂರ್ತಿ ಗ್ರಾನೈಟಿನದು. ಕಣ ದಪ್ಪ, ಗಡಸು ಜಾಸ್ತಿ, ಹಾರದ ಕೆಳಗೆ ಕೊರೆಯುವಂಥ ಕೆಲಸ ಇಲ್ಲಿ ನಡೆಯುವುದಿಲ್ಲ. ಕೊರೆಯಲು ಹಾರವೂ ಇಲ್ಲ. ಇರುವುದು ಘನರೂಪ ಮಾತ್ರ, ವಿಶಾಲವಾದ ಭುಜ, ನುಣುಪಾದ ಎದೆ, ತೋಳು ತೊಡೆಗೆ ಸುತ್ತಿದ ಬಳ್ಳಿ. ಅಷ್ಟು ದೊಡ್ಡ ಖಾಲಿ ಮೈ ಇರುವುದರಿಂದಲೇ ಆ ಬಳ್ಳಿಗೆ ಒತ್ತು ಸಿಕ್ಕಿದೆ. ಎಡ ಬಲ ಸಮವಾಗಿ, ಕದಲದೆ ನಿಂತ ನಿಲುವು. ಮದನಿಕೆಯ ಬಳುಕಿಗೆ ಇದು ನೇರ ಎದುರು, ತಪಸ್ಸಿಗೆ ಇದೇ ತಕ್ಕದ್ದು.

ಮೂರ್ತಿಯ ಮುಖ ಉತ್ತರಕ್ಕಿದೆ. ಇದು ನೆರಳು ಬೆಳಕಿನ ಲೆಕ್ಕವನ್ನು ವರ್ಷದ ಉದ್ದಕ್ಕೂ ಬದಲಿಸುತ್ತದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣದಲ್ಲಿರುತ್ತಾನೆ, ಅಂದರೆ ಮೂರ್ತಿಯ ಬೆನ್ನಿಗೆ. ಆಗ ಮುಖಕ್ಕೆ ಸಿಗುವುದು ಆಕಾಶದಿಂದ ಇಳಿದ ಮೆದು ಬೆಳಕು ಮಾತ್ರ. ನೆರಳಿಗೆ ಗಟ್ಟಿ ಅಂಚಿಲ್ಲ, ಕೆನ್ನೆ ತುಟಿಗಳು ಮೃದುವಾಗಿ ಕಾಣುತ್ತವೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದ ತನಕ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಸರಿದಿರುತ್ತಾನೆ. ಆಗ ಬಿಸಿಲು ಮೂರ್ತಿಯ ಮುಂಭಾಗವನ್ನು ಮೇಲಿನಿಂದ ಸವರುತ್ತದೆ, ಹುಬ್ಬು, ಗಲ್ಲ, ಎದೆಯ ಕೆಳಗೆ ಕಡುನೆರಳು ಬೀಳುತ್ತದೆ. ಮಳೆಗಾಲದಲ್ಲಿ ಮೋಡ ಅಡ್ಡ ಬರುತ್ತದೆ, ಹಾಗಾಗಿ ಇದನ್ನು ನೋಡಲು ಮೇ ತಿಂಗಳೇ ಸರಿ. ವಿಂಧ್ಯಗಿರಿಯನ್ನು ಬರಿಗಾಲಲ್ಲಿ ಹತ್ತಬೇಕು. ಬಂಡೆ ಸುಡುತ್ತದೆ, ಕಾಲುಚೀಲ ಮರೆಯಬೇಡಿ.