ಲಂಗರು ಹಾಕಿದರೆ ನೀರು ಏರುತ್ತದಾ?

ಮಲ್ಪೆ ಬಂದರಿನ ಪಕ್ಕದಲ್ಲೇ ಬೆಳೆದ ಪಿಯುಸಿ ಮಕ್ಕಳಿಗೆ ಒಂದು ಪ್ರಶ್ನೆ ಕೇಳಿ ನೋಡಿ. ಚಿಕ್ಕ ಕೆರೆಯಲ್ಲಿ ದೋಣಿ ತೇಲುತ್ತಿದೆ. ಅದರಲ್ಲಿ 10 ಕಿಲೋ ತೂಕದ ಕಬ್ಬಿಣದ ಲಂಗರು ಇದೆ. ಅದನ್ನೆತ್ತಿ ನೀರಿಗೆ ಹಾಕಿದರೆ ಕೆರೆಯ ಮಟ್ಟ ಏರುತ್ತದಾ, ಇಳಿಯುತ್ತದಾ, ಹಾಗೇ ಇರುತ್ತದಾ?

ಆರ್ಕಿಮಿಡೀಸ್ ತತ್ವವನ್ನು ತಪ್ಪಿಲ್ಲದೆ ಬರೆಯುವವರೂ ‘ಏರುತ್ತದೆ’ ಎಂದುಬಿಡಬಹುದು. ನಿಜಕ್ಕೂ ಮಟ್ಟ ಇಳಿಯುತ್ತದೆ. ಲಂಗರು ದೋಣಿಯಲ್ಲಿದ್ದಾಗ ತನ್ನ ತೂಕದಷ್ಟು ನೀರನ್ನು, ಅಂದರೆ 10 ಲೀಟರನ್ನು ಪಕ್ಕಕ್ಕೆ ಸರಿಸುತ್ತದೆ. ತಳ ಸೇರಿದ ಮೇಲೆ ತನ್ನ ಗಾತ್ರದಷ್ಟನ್ನು ಮಾತ್ರ. ಅದೇ ಗಾತ್ರದ ನೀರಿಗಿಂತ ಕಬ್ಬಿಣ ಸುಮಾರು 7.8 ಪಟ್ಟು ತೂಕ. ಹಾಗಾಗಿ ಈಗ ಸರಿಯುವುದು ಬರೀ 1.3 ಲೀಟರ್.

ಇ-ಕಲಿಕೆಯ ಮಾಡ್ಯೂಲ್, ಅಂದರೆ ಕಂಪ್ಯೂಟರ್ ಇಲ್ಲವೇ ಮೊಬೈಲ್‌ನಲ್ಲಿ ಕಲಿಯುವ ಪಾಠ, ಕೆಲಸಕ್ಕೆ ಬರುವುದು ಇಂಥ ಕಡೆ. ಸುಮ್ನೆ ಪಾಠದ ಪಿಡಿಎಫ್ ಅನ್ನು ಸ್ಮಾರ್ಟ್ ಬೋರ್ಡ್ ಮೇಲೆ ತೋರಿಸಿದರೆ ಏನು ಬಂತು? ಒಳ್ಳೆಯ ಮಾಡ್ಯೂಲ್ ಮೊದಲು ವಿದ್ಯಾರ್ಥಿಯ ಉತ್ತರ ಕೇಳುತ್ತದೆ. ಕಾರಣವನ್ನೂ ಎರಡು ಸಾಲು ಬರೆಸುತ್ತದೆ. ಲಂಗರು ಬೀಳುವ ದೃಶ್ಯ ಆಮೇಲೆ. ಈ ಕ್ರಮವೇ ಮುಖ್ಯ ಅಂತ ನನಗನಿಸುತ್ತದೆ. ಮೊದಲೇ ತೋರಿಸಿದರೆ ‘ನನಗೂ ಗೊತ್ತಿತ್ತು’ ಅನ್ನಿಸಿಬಿಡುತ್ತದೆ. ಬರೆದಿಟ್ಟ ಊಹೆ ಕಣ್ಣೆದುರೇ ತಪ್ಪಾದಾಗ, ಎಲ್ಲಿ ಎಡವಿದೆ ಎಂದು ಮಗು ತಾನೇ ಹುಡುಕತೊಡಗುತ್ತದೆ.

ಇದಕ್ಕೆ ದುಡ್ಡು ಸುರಿಯಬೇಕಿಲ್ಲ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ ‘ಫೆಟ್’ ಸಿಮ್ಯುಲೇಶನ್‌ಗಳು (ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳು) ಉಚಿತ. ಮೊಬೈಲ್‌ನ ಬ್ರೌಸರ್‌ನಲ್ಲೂ ನಡೆಯುತ್ತವೆ. ಕೆಲವು ಕನ್ನಡದಲ್ಲೂ ಇವೆ. ಆದರೆ ಊಹೆ ಬರೆಸುವ ಕೆಲಸ ಮೇಷ್ಟ್ರದ್ದೇ.

ಪಿಯುಸಿ ಫಲಿತಾಂಶದಲ್ಲಿ ಉಡುಪಿ, ದಕ್ಷಿಣ ಕನ್ನಡ ಸದಾ ಮುಂದೆ. ಸಂತೋಷವೇ. ಆದರೆ ಸಿಇಟಿ, ನೀಟ್ ತಯಾರಿಯ ಓಟದಲ್ಲಿ ‘ಯಾಕೆ’ ಎಂದು ಕೇಳಲು ಪುರುಸೊತ್ತೇ ಇಲ್ಲದಿರುವುದು ನನಗೆ ನೋವು ತರುತ್ತದೆ. ವಾರಕ್ಕೊಂದು ಪೀರಿಯಡ್ ಇದಕ್ಕೆ ಕೊಟ್ಟರೆ ಅಂಕವೇನೂ ಕಡಿಮೆಯಾಗದು, ಅಲ್ವಾ?

ಒಂದು ಪ್ರಶ್ನೆ ಮುಗಿದರೆ ಇನ್ನೊಂದು ಹುಟ್ಟಬೇಕು. ಲಂಗರಿನ ಬದಲು ಮರದ ತುಂಡು ಎಸೆದರೆ? ಅದೂ ತೇಲುತ್ತದೆ, ಮಟ್ಟ ಬದಲಾಗದು. ಲಂಗರನ್ನು ತಳ ಮುಟ್ಟಿಸದೆ ದೋಣಿಯಿಂದ ಹಗ್ಗದಲ್ಲಿ ನೇತುಬಿಟ್ಟರೆ? ಇಲ್ಲಿ ತರಗತಿಯಲ್ಲಿ ಜಗಳವೇ ಆಗಬೇಕು. ಸ್ವಲ್ಪ ಭಾರವನ್ನು ನೀರು ನೇರವಾಗಿ ಹೊರುತ್ತದೆ, ಉಳಿದದ್ದನ್ನು ಹಗ್ಗದ ಮೂಲಕ ದೋಣಿ. ಒಟ್ಟು ಅದೇ 10 ಲೀಟರ್. ಲಂಗರು ತಳಕ್ಕೆ ತಾಗಿ ಹಗ್ಗ ಸಡಿಲವಾಗುವವರೆಗೂ ಕೆರೆಯ ಮಟ್ಟ ಇಳಿಯುವುದೇ ಇಲ್ಲ.